ನಗರದ ನಾಡಿ ಹಿಡಿದ ಸಸ್ಯಶಾಸ್ತ್ರಜ್ಞ: ಸರ್ ಪ್ಯಾಟ್ರಿಕ್ ಗೆಡ್ಡಿಸ್

ಊರನ್ನು ಸುಧಾರಿಸಬೇಕೆಂಬ ಮಾತು ಎದ್ದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ರಸ್ತೆಯ ಅಗಲೀಕರಣ. ಅಳತೆಯ ಸರಪಳಿ ಬರುತ್ತದೆ; ಗೋಡೆಗಳ ಮೇಲೆ ಕೆಂಪು ಗುರುತು ಬೀಳುತ್ತದೆ; ತಲೆಮಾರುಗಳಿಂದ ನಿಂತಿದ್ದ ಜಗಲಿ, ಬೇವಿನ ಮರ, ಬಾವಿಕಟ್ಟೆಗಳು ಒಂದೇ ದಿನದಲ್ಲಿ ನೆಲಸಮವಾಗುತ್ತವೆ. ಅಗಲವಾದ ರಸ್ತೆಯಲ್ಲಿ ವಾಹನಗಳು ಓಡುತ್ತವೆ. ಶಾಲೆಗೆ ಹೊರಟ ಮಗುವೂ ಸಂತೆಗೆ ಹೊರಟ ಮುದುಕಿಯೂ ಅದನ್ನು ದಾಟಲಾರದೆ ಅಂಚಿನಲ್ಲಿ ನಿಲ್ಲುತ್ತಾರೆ. ಮನೆ ಕಳೆದುಕೊಂಡವರು ಎಲ್ಲಿಗೆ ಹೋದರೆಂದು ಕೇಳುವವರು ಕಡಮೆ.

ಇದು ಸುಧಾರಣೆಯೇ ಎಂಬ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹಿಂದೆ, ನಮ್ಮ ದೇಶದ ಓಣಿಗಳಲ್ಲಿಯೇ ನಡೆದಾಡಿ, ಆಳುವವರ ಮುಂದೆ ಅಳುಕಿಲ್ಲದೆ ಇಟ್ಟ ಮಹನೀಯರೊಬ್ಬರಿದ್ದರು. ಅವರು ವೃತ್ತಿಯಿಂದ ಎಂಜಿನಿಯರರೂ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ, ಸಸ್ಯಶಾಸ್ತ್ರದ ಅಧ್ಯಾಪಕರು. ಕಾಲ್ನಡಿಗೆಯಲ್ಲಿ ಬಾಳಬಹುದಾದ ಊರು, ತನ್ನ ಸೀಮೆಯ ನೆಲಜಲಗಳೊಡನೆ ಹೊಂದಿಕೊಂಡು ಉಳಿಯುವ ಊರು ಎಂಬ ವಿಚಾರವು ಜಗತ್ತಿನ ಎಲ್ಲೆಡೆ ಚರ್ಚೆಗೆ ಬಂದಿರುವ ಈ ಕಾಲದಲ್ಲಿ ಸ್ಕಾಟ್ಲೆಂಡಿನ ಸರ್ ಪ್ಯಾಟ್ರಿಕ್ ಗೆಡ್ಡಿಸ್ ಅವರ ಜೀವನವನ್ನು ನೆನೆಯುವುದು ಉಚಿತವೆನಿಸುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗೆಡ್ಡಿಸ್ ಅವರು ಜನಿಸಿದ್ದು ೧೮೫೪ನೆಯ ಇಸವಿ ಅಕ್ಟೋಬರ್ ೨ರಂದು, ಬ್ಯಾಲಟರ್ ಎಂಬ ಚಿಕ್ಕ ಊರಿನಲ್ಲಿ. ಹದಿನೈದು ವರ್ಷಗಳ ಅನಂತರ ಅದೇ ದಿನಾಂಕದಂದು ಪೋರಬಂದರಿನಲ್ಲಿ ಗಾಂಧೀಜಿಯವರು ಹುಟ್ಟಿದುದು ಆಕಸ್ಮಿಕವೇ ಸರಿ. ಆದರೂ ಬಡವರ ಬೀದಿಯನ್ನು ಶುಚಿಗೊಳಿಸುವ ಕೆಲಸವನ್ನು ಇಬ್ಬರೂ ಕೀಳೆಂದು ಬಗೆಯಲಿಲ್ಲವೆಂಬುದು ನೆನಪಿಡತಕ್ಕ ಸಂಗತಿ. ತಂದೆ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ಸಂಸಾರವು ಪರ್ತ್ ಪಟ್ಟಣದ ಬಳಿ, ಟೇ ನದಿಯ ದಂಡೆಯ ಮೇಲಿನ ಗುಡ್ಡದ ಓರೆಯಲ್ಲಿ ನೆಲೆಸಿತು. ಮನೆಯ ಹಿತ್ತಿಲ ತೋಟವೇ ಬಾಲಕನ ಮೊದಲ ಪಾಠಶಾಲೆ. ಗುಡ್ಡವನ್ನೇರಿದರೆ ದೂರದ ಬೆಟ್ಟಗಳು, ನಡುವೆ ಹೊಲಗದ್ದೆಗಳು, ಕೆಳಗೆ ಪಟ್ಟಣ, ಅದರಾಚೆ ಸಮುದ್ರದತ್ತ ಸಾಗುವ ನದಿ, ಎಲ್ಲವೂ ಒಂದೇ ನೋಟದಲ್ಲಿ ಕಾಣುತ್ತಿದ್ದವು. ಆ ನೋಟ ಅವರ ಕಣ್ಣಿನಿಂದ ಕೊನೆಯವರೆಗೂ ಮರೆಯಾಗಲಿಲ್ಲ.

ತಂದೆಯ ಇಚ್ಛೆಯಂತೆ ಸ್ವಲ್ಪಕಾಲ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು, ಮನಸ್ಸೊಪ್ಪದೆ ಅದನ್ನು ಬಿಟ್ಟರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರವನ್ನು ಕಲಿಯಲು ಹೋದವರು ಒಂದು ವಾರದಲ್ಲಿಯೇ ಹಿಂದಿರುಗಿದರು. ಒಣಗಿದ ಎಲೆಗಳಿಗೆ ಹೆಸರು ಹಚ್ಚುವ ಪಾಠ ಅವರಿಗೆ ರುಚಿಸಲಿಲ್ಲ. ಅಲ್ಲಿಂದ ಲಂಡನ್ನಿಗೆ ತೆರಳಿ, ಪ್ರಖ್ಯಾತ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ ಅವರ ಶಿಷ್ಯರಾದರು. ವಿಶ್ವವಿದ್ಯಾಲಯದ ಪದವಿಯನ್ನು ಅವರು ಎಂದಿಗೂ ಪಡೆಯಲಿಲ್ಲ. ಪದವಿಯಿಲ್ಲದ ಈ ವಿದ್ಯಾರ್ಥಿಯೇ ಮುಂದೆ ಎರಡು ಖಂಡಗಳಲ್ಲಿ ಪ್ರಾಧ್ಯಾಪಕರಾದರೆಂಬುದು ಅಧ್ಯಾಪಕವರ್ಗವು ಚಿಂತಿಸಬೇಕಾದ ವಿಷಯ.

೧೮೭೯ರಲ್ಲಿ ಸಂಶೋಧನೆಗಾಗಿ ಮೆಕ್ಸಿಕೋ ದೇಶಕ್ಕೆ ಹೋದಾಗ ಕಣ್ಣಿನ ಬೇನೆಯಿಂದ ಅವರ ದೃಷ್ಟಿಯೇ ಮಂದವಾಯಿತು. ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಕುಳಿತಿರಬೇಕಾಯಿತು. ಸೂಕ್ಷ್ಮದರ್ಶಕವೇ ಜೀವನವಾಗಿದ್ದ ತರುಣನಿಗೆ ಇದಕ್ಕಿಂತ ದೊಡ್ಡ ವಿಪತ್ತು ಬೇರೊಂದಿಲ್ಲ. ಆ ಕತ್ತಲಲ್ಲಿ ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸುತ್ತ, ಒಂದೊಂದು ಚೌಕದಲ್ಲಿ ಒಂದೊಂದು ವಿಚಾರವನ್ನಿರಿಸಿ, ಅವುಗಳ ಪರಸ್ಪರ ಸಂಬಂಧವನ್ನು ಮನಸ್ಸಿನಲ್ಲಿಯೇ ಹೆಣೆಯುವ ಅಭ್ಯಾಸ ಮಾಡಿಕೊಂಡರು. ಕಣ್ಣು ಮರಳಿತಾದರೂ ಸೂಕ್ಷ್ಮದರ್ಶಕದ ದುಡಿಮೆಗೆ ಮೊದಲಿನಂತೆ ಒದಗಲಿಲ್ಲ. ಒಂದು ಜೀವಿಯನ್ನು ಅದರ ಪರಿಸರದಿಂದ ಬೇರ್ಪಡಿಸಿ ತಿಳಿಯಲಾಗದೆಂಬ ನಂಬಿಕೆ ಬಲಿಯಿತು. ಫ್ರಾನ್ಸಿನ ಸಮಾಜಚಿಂತಕ ಲ ಪ್ಲೇ ಅವರ ವಿಚಾರಗಳಿಂದ ಪ್ರೇರಿತರಾಗಿ, ಸ್ಥಳ, ದುಡಿಮೆ, ಜನ ಎಂಬ ಮೂರನ್ನು ಒಟ್ಟಿಗೆ ನೋಡದೆ ಯಾವ ಊರೂ ಅರ್ಥವಾಗದೆಂಬ ಸೂತ್ರವನ್ನು ರೂಪಿಸಿಕೊಂಡರು.

ಓಣಿಯಲ್ಲಿ ಸಂಸಾರ

೧೮೮೬ರಲ್ಲಿ ಆನಾ ಮಾರ್ಟನ್ ಎಂಬ ಸಂಗೀತಜ್ಞೆಯೊಡನೆ ಅವರ ವಿವಾಹವಾಯಿತು. ಆ ಕಾಲಕ್ಕೆ ಎಡಿನ್‌ಬರೋ ನಗರದ ಶ್ರೀಮಂತರೆಲ್ಲ ಹಳೆಯ ಊರನ್ನು ತೊರೆದು ಹೊಸ ಬಡಾವಣೆಗಳಲ್ಲಿ ನೆಲೆಸಿಬಿಟ್ಟಿದ್ದರು. ಹಳೆಯ ಊರಿನ ಎತ್ತರದ ಕಟ್ಟಡಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರದಂತೆ ಬಡವರು ಗಾಳಿ ಬೆಳಕುಗಳಿಲ್ಲದೆ ಬದುಕುತ್ತಿದ್ದರು. ನವದಂಪತಿಗಳು ಮರುವರ್ಷ, ಎಲ್ಲರ ಬೆರಗಿನ ನಡುವೆ, ಈ ಕೊಳೆಗೇರಿಯ ಜೇಮ್ಸ್ ಕೋರ್ಟ್ ಎಂಬ ಅಂಗಳದ ಮನೆಗೇ ವಾಸಕ್ಕೆ ಬಂದರು.

ಅವರು ಅಲ್ಲಿ ಭಾಷಣ ಮಾಡಲಿಲ್ಲ. ಮೊದಲು ತಮ್ಮ ಮನೆಯನ್ನು ತೊಳೆದು ಸುಣ್ಣ ಬಳಿದರು. ಕಿಟಕಿಗಳಲ್ಲಿ ಹೂವಿನ ಗಿಡಗಳನ್ನಿಟ್ಟರು. ಬಳಿಕ ನೆರೆಯವರನ್ನು ಕೂಡಿಸಿಕೊಂಡು ಅಂಗಳವನ್ನು ಶುಚಿಮಾಡಿದರು. ಬೀಳುವ ಸ್ಥಿತಿಯ ಕಟ್ಟಡಗಳನ್ನು ಕೊಂಡು ದುರಸ್ತಿ ಮಾಡಿಸಿದರು. ಅವುಗಳಲ್ಲಿ ಕೆಲವು ೧೮೮೭ರಿಂದ ವಿದ್ಯಾರ್ಥಿನಿಲಯಗಳಾದವು. ಅವುಗಳ ಆಡಳಿತವನ್ನು ವಿದ್ಯಾರ್ಥಿಗಳೇ ನಡೆಸುವ ಪದ್ಧತಿಯನ್ನು ಹಾಕಿಕೊಟ್ಟರು. ಪಾಳುಬಿದ್ದ ನಿವೇಶನಗಳನ್ನು ಮಕ್ಕಳ ತೋಟಗಳನ್ನಾಗಿಸಿದರು. ಮುಂದೆ ಅವರ ಮಗಳು ನೋರಾ ಈ ಉದ್ಯಾನಗಳ ಕೆಲಸವನ್ನು ಮುಂದುವರಿಸಿದರು. ಊರನ್ನು ಕೆಡವದೆಯೂ ಸುಧಾರಿಸಬಹುದೆಂಬ ಪಾಠವನ್ನು ಗೆಡ್ಡಿಸ್ ಅವರು ಪುಸ್ತಕದಿಂದ ಕಲಿತವರಲ್ಲ; ಪೊರಕೆ ಹಿಡಿದು ಕಲಿತವರು.

೧೮೮೮ರಲ್ಲಿ ಡಂಡೀ ನಗರದ ಕಾಲೇಜಿನಲ್ಲಿ ಅವರಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪೀಠ ದೊರೆಯಿತು. ಮಾರ್ಟಿನ್ ವೈಟ್ ಎಂಬ ಸ್ನೇಹಿತರು ದತ್ತಿಯಿಟ್ಟು ಸ್ಥಾಪಿಸಿದ ಪೀಠವದು. ಬೇಸಿಗೆಯ ಮೂರು ತಿಂಗಳು ಮಾತ್ರ ಪಾಠ; ಉಳಿದ ಕಾಲ ಅಧ್ಯಾಪಕರದೇ. ಪ್ರತಿಭೆಯನ್ನು ಗುರುತಿಸಿ, ಅದಕ್ಕೆ ಬಿಡುವನ್ನೂ ಒದಗಿಸಿಕೊಟ್ಟ ದಾನಿಯ ವಿವೇಕ ದೊಡ್ಡದು. ಗೆಡ್ಡಿಸ್ ಅವರ ನಗರಸಂಬಂಧವಾದ ಕಾರ್ಯದ ಬಹುಭಾಗ ನಡೆದುದು ಆ ಬಿಡುವಿನಲ್ಲಿಯೇ.

ಗೋಪುರ ಮತ್ತು ಕಣಿವೆ

೧೮೯೨ರಲ್ಲಿ ಅವರು ಎಡಿನ್‌ಬರೋ ಕೋಟೆಯ ಸಮೀಪದ ಒಂದು ಗೋಪುರವನ್ನು ಕೈವಶ ಮಾಡಿಕೊಂಡು, ಅದಕ್ಕೆ ನೋಟದ ಗೋಪುರವೆಂಬ ಅರ್ಥದ ಹೆಸರನ್ನಿಟ್ಟರು. ಅದರ ತುದಿಯಲ್ಲಿ ಕತ್ತಲೆಯ ಕೋಣೆ. ಅಲ್ಲಿನ ಕನ್ನಡಿ ಮಸೂರಗಳ ಮೂಲಕ ಸುತ್ತಲಿನ ಊರೆಲ್ಲ ನಡುವಿನ ಮೇಜಿನ ಮೇಲೆ ಜೀವಂತ ಚಿತ್ರವಾಗಿ ಮೂಡುತ್ತಿತ್ತು. ಬಂದವರನ್ನು ಗೆಡ್ಡಿಸ್ ಅವರು ಮೊದಲು ತುದಿಗೇ ಕರೆದೊಯ್ಯುತ್ತಿದ್ದರು. ಆಮೇಲೆ ಒಂದೊಂದೇ ಅಂತಸ್ತು ಇಳಿದಂತೆ ಎಡಿನ್‌ಬರೋ, ಸ್ಕಾಟ್ಲೆಂಡ್, ಇಂಗ್ಲಿಷ್ ನುಡಿಯ ನಾಡುಗಳು, ಯೂರೋಪು, ಕಡೆಗೆ ಜಗತ್ತು ಎಂಬ ಕ್ರಮದಲ್ಲಿ ನಕ್ಷೆ ಚಿತ್ರಗಳ ಪ್ರದರ್ಶನ. ತನ್ನ ಬೀದಿಯನ್ನು ಬಲ್ಲವನಿಗೆ ಮಾತ್ರ ಜಗತ್ತು ತಿಳಿದೀತೆಂಬುದು ಆ ಕಟ್ಟಡದ ಬೋಧನೆ.

ಪ್ರಾದೇಶಿಕ ಯೋಜನೆಯೆಂದು ಇಂದು ಕರೆಯುವ ಶಾಸ್ತ್ರಕ್ಕೆ ಅವರು ಕೊಟ್ಟ ಮೂಲಚಿತ್ರ ಕಣಿವೆಯ ಛೇದಚಿತ್ರ. ಬೆಟ್ಟದ ನೆತ್ತಿಯಿಂದ ಸಮುದ್ರದವರೆಗೆ ಒಂದು ಗೆರೆ ಎಳೆದರೆ ಮೇಲೆ ಗಣಿಗಾರ, ಅವನ ಕೆಳಗೆ ಮರ ಕಡಿಯುವವನು, ಬೇಟೆಗಾರ, ಕುರುಬ, ಸಣ್ಣ ಒಕ್ಕಲಿಗ, ಬಯಲಿನ ರೈತ, ಕಡೆಗೆ ಬೆಸ್ತ, ಹೀಗೆ ಭೂಮಿಯ ಏರಿಳಿತವೇ ಕಸುಬುಗಳನ್ನು ಹಂಚಿರುವುದು ಕಾಣುತ್ತದೆ. ಕಣಿವೆಯ ಕೊನೆಯ ನಗರವು ಇವರೆಲ್ಲರ ದುಡಿಮೆಯಿಂದ ಬೆಳೆದ ಫಲ. ಮೇಲಿನ ಕಾಡು ಬೋಳಾದರೆ ಕೆಳಗಿನ ನಗರಕ್ಕೆ ಕೇಡು ತಪ್ಪದು. ಆದ್ದರಿಂದ ಊರಿನ ಯೋಜನೆ ಊರಿನ ಗಡಿಯೊಳಗೆ ಮುಗಿಯಲಾರದು. ಅದರ ನೀರು, ಅನ್ನ, ಸೌದೆ ಬರುವ ಸೀಮೆಯನ್ನೆಲ್ಲ ಗಣನೆಗೆ ತರಬೇಕು. ನಗರಗಳು ಹಬ್ಬಿ ಒಂದಕ್ಕೊಂದು ಬೆಸೆದುಕೊಳ್ಳುತ್ತಿದ್ದುದನ್ನು ಗಮನಿಸಿ, ಅಂಥ ನಗರಪುಂಜಕ್ಕೆ ಇಂಗ್ಲಿಷಿನಲ್ಲಿ ಹೊಸ ಪದವೊಂದನ್ನು ಟಂಕಿಸಿದವರೂ ಅವರೇ. ಆ ಪದ ಬಂದುದು ೧೯೧೫ರಲ್ಲಿ ಪ್ರಕಟವಾದ, ನಗರಗಳ ವಿಕಾಸವನ್ನು ಕುರಿತ ಅವರ ಗ್ರಂಥದಲ್ಲಿ.

ಭಾರತದ ಓಣಿಗಳಲ್ಲಿ

ಮದರಾಸು ಪ್ರಾಂತದ ಗವರ್ನರರಾಗಿದ್ದ ಲಾರ್ಡ್ ಪೆಂಟ್ಲೆಂಡ್ ಅವರ ಆಹ್ವಾನದ ಮೇರೆಗೆ ೧೯೧೪ರಲ್ಲಿ, ತಮ್ಮ ಅರುವತ್ತನೆಯ ವಯಸ್ಸಿನಲ್ಲಿ, ಗೆಡ್ಡಿಸ್ ಅವರು ಭಾರತಕ್ಕೆ ಬಂದರು. ಹಿರಿಯ ಮಗ ಅಲಾಸ್ಡೇರ್ ಜೊತೆಗಿದ್ದ. ವರ್ಷಗಟ್ಟಲೆ ಶ್ರಮಿಸಿ ಕಲೆಹಾಕಿದ ನಗರಗಳ ನಕ್ಷೆ ಚಿತ್ರಗಳ ಪ್ರದರ್ಶನವನ್ನು ಹಡಗೊಂದು ಹೊತ್ತು ತರುತ್ತಿತ್ತು. ಆಗಷ್ಟೇ ಮಹಾಯುದ್ಧ ಆರಂಭವಾಗಿತ್ತು. ಮದರಾಸಿನ ಮೇಲೆ ಗುಂಡು ಸುರಿಸಿದ್ದ ಎಂಡನ್ ಎಂಬ ಜರ್ಮನ್ ಯುದ್ಧನೌಕೆಯೇ ಆ ಹಡಗನ್ನೂ ಮುಳುಗಿಸಿತು. ಒಂದು ಜೀವಮಾನದ ಸಂಗ್ರಹ ಕಡಲುಪಾಲಾದರೂ ಅವರು ಕೈಚೆಲ್ಲಿ ಕೂರಲಿಲ್ಲ. ಸ್ನೇಹಿತರು ಹೊಸದಾಗಿ ಸಾಮಗ್ರಿ ಕೂಡಿಸಿ ಕಳುಹಿದರು. ೧೯೧೫ರ ಆರಂಭದಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆದೇ ನಡೆಯಿತು.

ಅಂದಿನ ನಗರ ಸುಧಾರಣೆಯ ರೀತಿಯನ್ನು ಇಲ್ಲಿ ಹೇಳುವುದು ಅವಶ್ಯ. ೧೮೯೬ರಲ್ಲಿ ಮುಂಬಯಿಗೆ, ೧೮೯೮ರಲ್ಲಿ ಬೆಂಗಳೂರಿಗೆ ಬಡಿದ ಪ್ಲೇಗು ಅಧಿಕಾರಿಗಳನ್ನು ಕಂಗೆಡಿಸಿತ್ತು. ಇಕ್ಕಟ್ಟಾದ ಓಣಿಗಳೇ ರೋಗದ ಮೂಲವೆಂದು ಬಗೆದು, ಅನೇಕ ನಗರಗಳಲ್ಲಿ ಹಳೆಯ ಊರಿನ ಎದೆಯ ಮೇಲೆಯೇ ನೇರವಾದ ಅಗಲ ರಸ್ತೆಗಳನ್ನು ಸೀಳುವ ಯೋಜನೆಗಳು ಸಿದ್ಧವಾಗುತ್ತಿದ್ದವು. ಮನೆ ಕಳೆದುಕೊಂಡ ಬಡವರು ಪಕ್ಕದ ಓಣಿಗಳಿಗೇ ನುಗ್ಗಬೇಕಾಗುತ್ತಿತ್ತು. ಅಲ್ಲಿಯ ಇಕ್ಕಟ್ಟು ಇಮ್ಮಡಿಯಾಗುತ್ತಿತ್ತು. ರೋಗ ಸ್ಥಳ ಬದಲಾಯಿಸುತ್ತಿತ್ತೇ ಹೊರತು ಮಾಯವಾಗುತ್ತಿರಲಿಲ್ಲ.

ಗೆಡ್ಡಿಸ್ ಅವರ ಮಾರ್ಗ ಬೇರೆ. ನಕ್ಷೆಯ ಮೇಲೆ ಗೆರೆ ಎಳೆಯುವ ಮುನ್ನ ಅವರು ಊರಿನಲ್ಲಿ ನಡೆಯುತ್ತಿದ್ದರು. ಓಣಿ ಓಣಿಯನ್ನು, ಹಿತ್ತಿಲು ಹಿತ್ತಿಲನ್ನು ಕಾಲ್ನಡಿಗೆಯಲ್ಲಿ ನೋಡಿ, ಯಾವ ಮನೆ ಗಟ್ಟಿ, ಯಾವುದು ಪಾಳು, ಎಲ್ಲಿ ಬಾವಿಯಿದೆ, ಎಲ್ಲಿ ಗುಡಿಯಿದೆ, ಯಾವ ಮರದಡಿಯಲ್ಲಿ ಜನ ಕೂರುತ್ತಾರೆಂಬುದನ್ನು ಗುರುತು ಹಾಕಿಕೊಳ್ಳುತ್ತಿದ್ದರು. ವೈದ್ಯನು ನಾಡಿ ನೋಡದೆ ಔಷಧ ಕೊಡಬಾರದಷ್ಟೆ. ಅವರ ಚಿಕಿತ್ಸೆಯೂ ಮೃದುವಾದದ್ದು. ಪಾಳುಬಿದ್ದ ಒಂದೆರಡು ಮನೆಗಳನ್ನು ಮಾತ್ರ ತೆಗೆದು, ಅಲ್ಲಿ ಚಿಕ್ಕ ಬಯಲೊಂದನ್ನು ಉಳಿಸಿ, ಮರ ನೆಟ್ಟು, ತಿರುವಿನಲ್ಲಿ ತುಸು ಜಾಗ ಬಿಡಿಸಿದರೆ ಓಣಿಗೆ ಉಸಿರು ಬರುತ್ತದೆ. ಈ ಕ್ರಮವನ್ನು ಸಂರಕ್ಷಕ ಶಸ್ತ್ರಚಿಕಿತ್ಸೆಯೆಂದು ಹೇಳಬಹುದು. ಇದರಿಂದ ಒಕ್ಕಲೇಳುವ ಜನ ಕೆಲವರೇ, ಖರ್ಚೂ ಸ್ವಲ್ಪ. ತಂಜಾವೂರಿನ ಕೋಟೆಯ ಪ್ರದೇಶದಲ್ಲಿ ಈ ಎರಡು ಕ್ರಮಗಳನ್ನು ಹೋಲಿಸಿ ತೋರಿಸಿದ ಅವರ ವಿವೇಚನೆಯನ್ನು ನಗರಯೋಜನೆಯ ವಿದ್ಯಾರ್ಥಿಗಳು ಈಗಲೂ ಅಭ್ಯಾಸ ಮಾಡುತ್ತಾರೆ.

ನಮ್ಮ ಬಿಸಿಲಿನ ದೇಶಕ್ಕೆ ಅಗಲವಾದ ಬೋಳು ರಸ್ತೆ ಧೂಳು, ಝಳಗಳ ಆಗರವೆಂದೂ, ಬಾಗಿ ಬಳುಕುವ ನೆರಳಿನ ಓಣಿ ನಡೆಯುವವರಿಗೆ ಹಿತವೆಂದೂ ಅವರು ವಾದಿಸಿದರು. ಸೊಳ್ಳೆಗಳ ಭಯದಿಂದ ಕೆರೆಗಳನ್ನು ಮುಚ್ಚಿಸುವ ಹುಕುಮುಗಳನ್ನು ವಿರೋಧಿಸಿದರು. ಹೂಳು ತೆಗೆಸಿ, ಮೀನು ಬಾತುಗಳನ್ನು ಬಿಟ್ಟರೆ ಸೊಳ್ಳೆಯ ಮರಿಗಳು ತಾವಾಗಿ ಕಡಮೆಯಾಗುತ್ತವೆ. ಕೆರೆಯು ಊರನ್ನು ತಂಪಾಗಿಡುತ್ತದೆ, ಮಳೆಯ ನೀರನ್ನು ಹಿಡಿಯುತ್ತದೆ ಎಂಬುದು ಅವರ ನಿಲುವು. ಕೆರೆಗಳನ್ನು ಮುಚ್ಚಿ ಬಡಾವಣೆ ಕಟ್ಟಿ, ಒಂದು ಮಳೆಗೆ ಮುಳುಗುವ ನಮ್ಮ ನಗರಗಳನ್ನು ಕಂಡವರಿಗೆ ಈ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಸುಮಾರು ಹತ್ತು ವರ್ಷಗಳಲ್ಲಿ ಅವರು ಐವತ್ತರಷ್ಟು ಭಾರತೀಯ ಊರುಗಳನ್ನು ಸುತ್ತಿ ವರದಿಗಳನ್ನು ಬರೆದರು. ಮದುರೆ, ಬರೋಡ, ಲಖನೌ, ಲಾಹೋರ್, ಢಾಕಾ, ಬಲರಾಮಪುರ ಮೊದಲಾದವುಗಳೊಡನೆ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಆ ಪಟ್ಟಿಯಲ್ಲಿದೆಯೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಈ ದುಡಿಮೆಯ ನಡುವೆಯೇ ಅವರ ಬಾಳಿಗೆ ಸಿಡಿಲು ಬಡಿಯಿತು. ಸ್ವದೇಶಕ್ಕೆ ಹಿಂದಿರುಗಿ ಯುದ್ಧಕ್ಕೆ ಸೇರಿದ್ದ ಅಲಾಸ್ಡೇರ್ ೧೯೧೭ರ ವಸಂತದಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಮಡಿದನು. ಆ ವೇಳೆಗೆ ಆನಾ ಅವರು ಇಲ್ಲಿ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಮಗನ ಮರಣವಾರ್ತೆಯನ್ನು ಪತ್ನಿಗೆ ತಿಳಿಸುವ ಧೈರ್ಯ ಗೆಡ್ಡಿಸ್ ಅವರಿಗಾಗಲಿಲ್ಲ. ಕೆಲವೇ ವಾರಗಳಲ್ಲಿ ಆ ಸಾಧ್ವಿ, ಮಗನಿಲ್ಲವೆಂಬುದನ್ನು ಅರಿಯದೆಯೇ, ಭಾರತದ ನೆಲದಲ್ಲಿ ಕಣ್ಣುಮುಚ್ಚಿದರು. ಮನೆಯ ಲೆಕ್ಕಪತ್ರಗಳಿಂದ ಹಿಡಿದು ಎಲ್ಲ ಯೋಜನೆಗಳ ಭಾರವನ್ನು ಹೊತ್ತಿದ್ದ ಜೊತೆಗಾರ್ತಿ ಅವರು. ಒಂಟಿಯಾದ ಗೆಡ್ಡಿಸ್ ಅವರು ದುಃಖವನ್ನು ಕೆಲಸದಲ್ಲಿ ಅಡಗಿಸಿದರು.

ಇಂದೂರಿನ ದೀಪಾವಳಿ

ಆ ಕಾಲದ ಅವರ ಕಾರ್ಯಗಳಲ್ಲಿ ಇಂದೂರಿನದು ಪ್ರಸಿದ್ಧ. ಹೋಳ್ಕರರ ಆ ರಾಜಧಾನಿಯಲ್ಲಿ ಪ್ಲೇಗು ಹಬ್ಬಿತ್ತು. ನಕ್ಷೆ ಹಿಡಿದು ಓಣಿಗಳಲ್ಲಿ ತಿರುಗುವ ಗಡ್ಡದ ಮುದುಕ ದೊರೆಯನ್ನು ಕಂಡು ಜನ ಹೆದರುತ್ತಿದ್ದರು. ಇವನೇ ಪ್ಲೇಗನ್ನು ತರುವವನೆಂಬ ಗುಲ್ಲೂ ಎದ್ದಿತ್ತು. ಅಳತೆಯವರು ಬಂದಲ್ಲೆಲ್ಲ ಮನೆ ಬೀಳುವುದನ್ನು ಕಂಡಿದ್ದವರ ಹೆದರಿಕೆ ಅದು. ಗೆಡ್ಡಿಸ್ ಅವರು ಇದರಿಂದ ನೊಂದುಕೊಳ್ಳದೆ, ತಮಗೆ ಒಂದು ದಿನದ ಮಟ್ಟಿಗೆ ಮಹಾರಾಜನ ಅಧಿಕಾರ ಕೊಡಿಸಬೇಕೆಂದು ದರಬಾರನ್ನು ಕೇಳಿಕೊಂಡು, ಅದನ್ನು ಪಡೆದರು.

ದೀಪಾವಳಿಗೆ ಹೊಸ ಬಗೆಯ ಮೆರವಣಿಗೆ ನಡೆಯುವುದೆಂದು ಡಂಗುರ ಸಾರಲಾಯಿತು. ಅದು ಹಿಂದೂಗಳ ಅಥವಾ ಮುಸಲ್ಮಾನರ ರೂಢಿಯ ದಾರಿ ಹಿಡಿಯದು. ಯಾವ ಬೀದಿಯಲ್ಲಿ ಹೆಚ್ಚು ಮನೆಗಳು ಗುಡಿಸಿ, ದುರಸ್ತಿಯಾಗಿ, ಬಣ್ಣ ಕಂಡಿವೆಯೋ ಆ ಬೀದಿಯಲ್ಲಿ ಸಾಗುವುದು. ಊರಿನಲ್ಲಿ ಸ್ಪರ್ಧೆಯೇ ಹುಟ್ಟಿತು. ಕಸವನ್ನು ಬಿಟ್ಟಿಯಾಗಿ ಸಾಗಿಸಲು ಬಂಡಿಗಳನ್ನು ಕೊಟ್ಟರು, ಇಲಿಗಳನ್ನು ಹಿಡಿಸಿದರು. ಹಬ್ಬದ ದಿನ ಆನೆ, ಕುದುರೆ, ವಾದ್ಯಗಳ ಸಂಭ್ರಮದೊಂದಿಗೆ ಕೊಳೆಯೆಂಬ ರಾಕ್ಷಸನ ಭಾರಿ ಪ್ರತಿಮೆ, ಪ್ಲೇಗಿನ ಇಲಿಯ ಆಕೃತಿ ಸಾಗಿದವು. ಊರಿನ ಜಾಡಮಾಲಿಗಳು ಬಿಳಿಯ ಉಡುಪಿನಲ್ಲಿ, ಹೂಮಾಲೆ ಧರಿಸಿ, ಪೊರಕೆ ಹಿಡಿದು ಮೆರವಣಿಗೆಯಲ್ಲಿ ಗೌರವದ ಸ್ಥಾನ ಪಡೆದರು. ಎಂದೂ ತಲೆಯೆತ್ತಿ ಆ ಬೀದಿಗಳಲ್ಲಿ ನಡೆಯದಿದ್ದವರು ಅಂದು ನಡುಬೀದಿಯಲ್ಲಿ ನಡೆದರು. ನಗರದೇವತೆಯ ರಥವೂ ಹಿಂದೆ ಬಂದಿತು. ತುಳಸಿಯ ಸಸಿಗಳನ್ನು ಹಂಚಿದರು. ಕಡೆಯಲ್ಲಿ ರಾಕ್ಷಸನನ್ನು ಸುಟ್ಟರು. ಪ್ಲೇಗು ಇಳಿಯಿತು. ಅದರ ಋತುವೂ ಮುಗಿಯುತ್ತ ಬಂದಿತ್ತೆಂಬುದು ನಿಜ. ಆದರೆ ಹೆದರುತ್ತಿದ್ದ ಜನರೇ ಊರಿನ ಕೆಲಸಕ್ಕೆ ಕೈಗೂಡಿಸಿದುದು ಔಷಧಕ್ಕಿಂತ ದೊಡ್ಡ ಲಾಭ. ೧೯೧೮ರಲ್ಲಿ ಇಂದೂರಿನ ಯೋಜನೆಯ ವರದಿ ಎರಡು ಸಂಪುಟಗಳಲ್ಲಿ ಹೊರಬಂದಿತು.

ಕಡೆಯ ವರ್ಷಗಳು

೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸಮಾಜಶಾಸ್ತ್ರ ವಿಭಾಗವನ್ನು ತೆರೆದು ಗೆಡ್ಡಿಸ್ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅವರ ಪ್ರೋತ್ಸಾಹದಿಂದ ಮುಂದೆ ಬಂದ ಜಿ. ಎಸ್. ಘುರ್ಯೆ ಅವರು ಆ ಪೀಠವನ್ನು ಮುಂದುವರಿಸಿದರು. ಘುರ್ಯೆ ಅವರ ಶಿಷ್ಯರಾದವರು ಮೈಸೂರಿನ ಎಂ. ಎನ್. ಶ್ರೀನಿವಾಸ್. ಹೀಗೆ ಆ ವಿದ್ಯಾಪರಂಪರೆಯ ಒಂದು ಕವಲು ಕನ್ನಡನಾಡಿಗೂ ಬಂದಿದೆ. ವಿಜ್ಞಾನಿ ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಗೆಡ್ಡಿಸ್ ಅವರು ೧೯೨೦ರಲ್ಲಿ ಬರೆದರು.

೧೯೨೩ರಲ್ಲಿ ಅಮೆರಿಕಕ್ಕೆ ಹೋದಾಗ ಅವರ ವಿಚಾರಗಳು ಲೂಯಿಸ್ ಮಂಫರ್ಡ್ ಮತ್ತು ಅವರ ಗೆಳೆಯರ ಪ್ರಾದೇಶಿಕ ಯೋಜನಾ ಸಂಘಕ್ಕೆ ಸ್ಫೂರ್ತಿಯಾದವು. ಆ ಬಳಗದ ಕ್ಲಾರೆನ್ಸ್ ಸ್ಟೈನ್, ಹೆನ್ರಿ ರೈಟ್ ಅವರು ೧೯೨೯ರಲ್ಲಿ ರೂಪಿಸಿದ ರ‍್ಯಾಡ್‌ಬರ್ನ್ ಎಂಬ ಊರಿನಲ್ಲಿ ನಡೆಯುವವರ ಹಾದಿಗಳನ್ನು ಮೋಟಾರು ರಸ್ತೆಗಳಿಂದ ಬೇರ್ಪಡಿಸಿ, ಮಕ್ಕಳು ದೊಡ್ಡ ರಸ್ತೆಯನ್ನು ದಾಟದೆಯೇ ಶಾಲೆಗೆ ಹೋಗುವಂತೆ ಮಾಡಲಾಯಿತು. ೧೯೨೫ರಲ್ಲಿ ಗೆಡ್ಡಿಸ್ ಅವರೇ ಟೆಲ್ ಅವೀವ್ ನಗರಕ್ಕೆ ಯೋಜನೆ ಬರೆದರು. ದೊಡ್ಡ ರಸ್ತೆಗಳು ವಸತಿಗಳ ಸುತ್ತ ಹೊರಗೆ. ಒಳಗೆ ಕಿರಿದಾದ ಶಾಂತ ಓಣಿಗಳು. ನಡುವೆ ಎಲ್ಲರ ತೋಟ. ಆ ಯೋಜನೆಯ ಮೇಲೆ ಬೆಳೆದ ಭಾಗವನ್ನು ಯುನೆಸ್ಕೊ ಸಂಸ್ಥೆ ೨೦೦೩ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

೧೯೨೪ರಲ್ಲಿ ಭಾರತವನ್ನು ಬಿಟ್ಟು ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ನೆಲೆಸಿ, ಅಲ್ಲಿ ವಿದ್ಯಾರ್ಥಿಗಳಿಗಾಗಿ ಕಾಲೇಜೊಂದನ್ನು ಕಟ್ಟಿದರು. ಹಿಂದೊಮ್ಮೆ ಬೇಡವೆಂದಿದ್ದ ಸರ್ ಪದವಿಯನ್ನು ೧೯೩೨ರಲ್ಲಿ ಸ್ವೀಕರಿಸಿದರು. ಅದೇ ವರ್ಷ ಏಪ್ರಿಲ್ ೧೭ರಂದು ಮಾಂಪೆಲಿಯೆಯಲ್ಲಿ ನಿಧನರಾದರು.

ಅವರಲ್ಲಿ ಕುಂದುಗಳಿರಲಿಲ್ಲವೆಂದು ಹೇಳುವುದು ಚರಿತ್ರಕಾರನಿಗೆ ಭೂಷಣವಲ್ಲ. ಹಣದ ಲೆಕ್ಕದಲ್ಲಿ ಅವರು ಅಜಾಗರೂಕರು, ಒಂದು ಕೆಲಸ ಮುಗಿಯುವ ಮುನ್ನ ಇನ್ನೊಂದಕ್ಕೆ ಹಾರುವ ಸ್ವಭಾವ, ಬರಹ ಕ್ಲಿಷ್ಟ, ಮಾತು ಗಡ್ಡದೊಳಗೇ ಉಳಿಯುತ್ತಿತ್ತೆಂದು ಕೇಳಿದವರ ದೂರು. ಭಾರತದಲ್ಲಿ ಬರೆದ ವರದಿಗಳಲ್ಲಿ ಬಹಳಷ್ಟು ಕಡತಗಳಲ್ಲಿಯೇ ಉಳಿದವು. ಅಗಲ ರಸ್ತೆಯ ಪಂಥವೇ ಗೆದ್ದಿತು.

ಉಳಿದ ಪಾಠ

ಆದರೂ ಅವರು ಕೇಳಿದ ಪ್ರಶ್ನೆ ಸೋತಿಲ್ಲ. ಊರು ಯಾರಿಗಾಗಿ? ವೇಗವಾಗಿ ದಾಟಿಹೋಗುವವನಿಗಾಗಿಯೋ, ಅಲ್ಲಿಯೇ ಹುಟ್ಟಿ, ನಡೆದು, ಬಾಳುವವನಿಗಾಗಿಯೋ? ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವನ್ನು ಅವರು ಅಧಿಕಾರಿಗಳಿಗಷ್ಟೇ ಬಿಡಲಿಲ್ಲ, ಶಾಲೆಗಳಿಗೂ ವಹಿಸಿದರು. ಹೃದಯ, ಕೈ, ತಲೆ ಎಂಬ ಕ್ರಮದಲ್ಲಿ ಶಿಕ್ಷಣ ನಡೆಯಬೇಕೆಂಬುದು ಅವರ ಮತ. ಮಗುವು ಮೊದಲು ತನ್ನ ಊರನ್ನು ಪ್ರೀತಿಸಲಿ, ಬಳಿಕ ಅದಕ್ಕಾಗಿ ದುಡಿಯಲಿ, ಆಗ ಅದನ್ನು ಕುರಿತು ಯೋಚಿಸುವ ಶಕ್ತಿ ತಾನಾಗಿ ಬರುತ್ತದೆ.

ನಮ್ಮ ಶಾಲೆಗಳಲ್ಲಿ ಇದನ್ನು ಆಚರಣೆಗೆ ತರಲು ಅಪಾರ ಧನವೇನೂ ಬೇಕಿಲ್ಲ. ಅಧ್ಯಾಪಕರು ತಿಂಗಳಿಗೊಮ್ಮೆ ಮಕ್ಕಳನ್ನು ಕರೆದುಕೊಂಡು ಊರಿನಲ್ಲಿ ನಡೆಯಲಿ. ಕೆರೆ, ಬಾವಿ, ಮರ, ಕಾಲುದಾರಿಗಳ ನಕ್ಷೆಯನ್ನು ಮಕ್ಕಳ ಕೈಯಿಂದಲೇ ಬರೆಯಿಸಲಿ. ಎಲ್ಲಿ ನೆರಳಿಲ್ಲ, ಎಲ್ಲಿ ದಾಟುವುದು ಅಪಾಯ, ಯಾವ ಕೆರೆಯ ಕಾಲುವೆ ಮುಚ್ಚಿಹೋಗಿದೆ ಎಂಬುದು ಆ ನಕ್ಷೆಯಿಂದಲೇ ತಿಳಿಯುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಿದ್ದಾರೆ, ಪುರಸಭೆಗಳ ಸದಸ್ಯರಿದ್ದಾರೆ. ಮುಂದಿನ ಯೋಜನೆಗೆ ಸಹಿ ಹಾಕುವ ಮುನ್ನ ಆ ಓಣಿಯಲ್ಲಿ ಒಮ್ಮೆ ನಡೆದು ಬರಲಿ. ದಾನಿಗಳು ಕಟ್ಟಡದೊಂದಿಗೆ ಶಾಲೆಯ ದಾರಿಗೆ ನೆರಳನ್ನೂ ದಾನ ಮಾಡಲಿ. ಕೊಳೆಗೇರಿಯ ಕಿಟಕಿಯಲ್ಲಿ ಹೂಗಿಡವನ್ನಿಟ್ಟು ತಮ್ಮ ಕೆಲಸವನ್ನು ಆರಂಭಿಸಿದ ಆ ಮಹನೀಯರ ಸ್ಮರಣೆಗೆ ಇದೇ ತಕ್ಕ ಕಾಣಿಕೆ.